ಬೆಟ್ಟಪ್ಪನ ಬೆರಳು

ಹೆಂಡತಿಯ ಬಾಯಲ್ಲಿ ಪರಪುರುಷನ ಹೊಗಳಿಕೆ ಕೇಳಿಸಿಕೊಳ್ಳುವುದಕ್ಕೂ ಒಂದು ಮಿತಿ ಇರುತ್ತದೆ. ಪಕ್ಕದ ಮನೆಯವನನ್ನು ಹೊಗಳಿದರೆ ಸಹಿಸಬಹುದು. ಅವನ ಹೆಂಡತಿ ಅಲ್ಲಿ ನನ್ನನ್ನು ಹೊಗಳುತ್ತಿರಬಹುದು ಎಂದು ಸಮಾಧಾನ ಮಾಡಿಕೊಳ್ಳಬಹುದು. (ಹೊಗಳುವುದಿಲ್ಲ ಎಂದು ನನಗೂ ಗೊತ್ತು. ಆದರೆ ಸಮಾಧಾನ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು?) ತನ್ನ ಅಣ್ಣನನ್ನು ಹೊಗಳಿದರೆ ರಕ್ತಸಂಬಂಧ ಎಂದು ಬಿಟ್ಟುಬಿಡಬಹುದು. ಆದರೆ ನನ್ನ ಹೆಂಡತಿ ಎದ್ದರೆ ಬೆಟ್ಟಪ್ಪ, ಕೂತರೆ ಬೆಟ್ಟಪ್ಪ ಎಂದು ಜಪ ಮಾಡುತ್ತಿದ್ದಳಲ್ಲ, ಅದನ್ನು ಮಾತ್ರ ನುಂಗಿಕೊಳ್ಳುವುದು ಬಹಳ ಕಷ್ಟವಾಗಿತ್ತು. ಏಕೆಂದರೆ ಬೆಟ್ಟಪ್ಪನಿಗೆ ತಲೆಯಿಲ್ಲ. ಇದು ಬೈಗುಳವಲ್ಲ, ನಿಜವಾಗಿಯೂ ಇಲ್ಲ. ಕಾಲಿಲ್ಲ, ಹೊಟ್ಟೆಯಿಲ್ಲ, ಬೆನ್ನೂ ಇಲ್ಲ. ಅವನಿಗಿರುವುದು ಒಂದು ತೋಳು, ಆ ತೋಳಿನ ತುದಿಗೆ ಒಂದು ಬೆರಳು.

ಬೆಟ್ಟಪ್ಪ ಒಂದು ಯಂತ್ರ.

ನಾನು ಟಚ್‌ಸ್ಕ್ರೀನ್‌ಗಳನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೊಬೈಲು, ಲಿಫ್ಟು, ಬಟ್ಟೆ ಒಗೆಯುವ ಮೆಷಿನ್ನು, ಟಿಕೆಟ್ ಕೊಡುವ ಪೆಟ್ಟಿಗೆ, ಹೀಗೆ ಮುಟ್ಟಿದರೆ ಕೆಲಸ ಮಾಡುವ ಗಾಜು ಇಲ್ಲದ ವಸ್ತುವೇ ಈಗ ಇಲ್ಲವಷ್ಟೆ. ಆ ಗಾಜು ಅಂಗಡಿಗೆ ಹೋಗುವ ಮುಂಚೆ ನಮ್ಮಲ್ಲಿಗೆ ಬರುತ್ತದೆ. ಅದರ ಮೇಲಿನ ಒಂದೊಂದು ಗುಂಡಿಯನ್ನೂ ಸಾವಿರಾರು ಸಲ ಒತ್ತಿ ನೋಡಬೇಕು. ಮನುಷ್ಯನನ್ನು ಕೂರಿಸಿ ಒತ್ತಿಸಿದರೆ ಮೊದಲು ಅವನ ಬೆರಳು ಮರಗಟ್ಟುತ್ತದೆ, ಆಮೇಲೆ ತಲೆ ಮರಗಟ್ಟುತ್ತದೆ, ಕೊನೆಗೆ ಅವನು ಒತ್ತದೆಯೇ ಒತ್ತಿದೆ ಎಂದು ಬರೆಯತೊಡಗುತ್ತಾನೆ. (ನಾನು ಹಾಗೆ ಮಾಡಿದ್ದೆ ಎಂದು ಯಾರೂ ಸಾಬೀತು ಮಾಡಿಲ್ಲ.) ಅದಕ್ಕೇ ಕಂಪನಿಯವರು ಈ ಯಂತ್ರ ತರಿಸಿದರು. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ತೋಳು, ತುದಿಯಲ್ಲಿ ರಬ್ಬರಿನ ಬೆರಳು. ಕಂಪ್ಯೂಟರು ಒತ್ತು ಎಂದರೆ ಒತ್ತುತ್ತದೆ, ಸವರು ಎಂದರೆ ಸವರುತ್ತದೆ. ಒತ್ತಿದ ಗುಂಡಿ ಕೆಲಸ ಮಾಡಿದರೆ ಕಂಪ್ಯೂಟರಿನ ಮೇಲೆ ಹಸಿರು ಅಕ್ಷರದಲ್ಲಿ 'ಪಾಸ್' ಎಂದು ಬೀಳುತ್ತದೆ, ಮಾಡದಿದ್ದರೆ ಕೆಂಪಿನಲ್ಲಿ 'ಫೇಲ್'.

ಬೆಟ್ಟು ಎಂದರೆ ಬೆರಳು, ಬೆಟ್ಟು ಇರುವವನು ಬೆಟ್ಟಪ್ಪ ಎಂದು ಹೆಸರಿಟ್ಟವರು ನಮ್ಮ ಸಾಹೇಬರು. ಹೆಸರಿಟ್ಟು ಸುಮ್ಮನಾಗಲಿಲ್ಲ. ಯಾರಾದರೂ "ಅದು ಕೆಟ್ಟಿದೆ ಸರ್" ಎಂದರೆ ಅವರ ಮುಖ ಕೆಂಪಾಗುತ್ತಿತ್ತು. "ಅದು ಅನ್ಬೇಡ್ರಿ! ನಿಮ್ಮೆಲ್ಲರಿಗಿಂತ ಜಾಸ್ತಿ ದುಡಿಯೋನು ಅವನು. ಅವನು ಅನ್ನಿ!" ಎನ್ನುತ್ತಿದ್ದರು. ಹೀಗಾಗಿ ಲ್ಯಾಬಿನಲ್ಲಿ ಎಲ್ಲರ ನಾಲಿಗೆಯೂ 'ಅವನು' ಎಂದೇ ಹೊರಳತೊಡಗಿತು. ನನ್ನದು ಮನೆಗೆ ಬಂದಮೇಲೂ ಹಾಗೆಯೇ ಹೊರಳುತ್ತಿತ್ತು. ನನ್ನ ಸಂಸಾರಕ್ಕೆ ಒದಗಿದ ಗಂಡಾಂತರದ ಮೂಲ ಇಷ್ಟೇ, ಒಂದು ಸರ್ವನಾಮ. ಸರ್ವನಾಮಕ್ಕೂ ಸರ್ವನಾಶಕ್ಕೂ ನಡುವೆ ಇರುವುದು ಒಂದೇ ಅಕ್ಷರ ಎಂದು ನನಗೆ ಆಮೇಲೆ ಹೊಳೆಯಿತು.

ನನ್ನ ಹೆಂಡತಿಯೋ, ಶಾಲೆಯಲ್ಲಿ ವ್ಯಾಕರಣ ಕಲಿಸುವವಳು. ಯಾರಾದರೂ 'ಅವನು' ಎಂದರೆ ಅದು ಪುಲ್ಲಿಂಗ, ಪುಲ್ಲಿಂಗವೆಂದರೆ ಗಂಡಸು, ಗಂಡಸೆಂದರೆ ಹಸಿವು ನಿದ್ದೆ ಉಳ್ಳ ಪ್ರಾಣಿ ಎಂದು ನಂಬಿದವಳು. ನಾನು ಊಟಕ್ಕೆ ಕೂತಾಗ ಅಂದಿನ ಕಥೆ ಹೇಳುತ್ತಿದ್ದೆ. "ಬೆಟ್ಟಪ್ಪ ಇವತ್ತು ಬೆಳಗ್ಗೆಯಿಂದ ಒಂದು ಗಳಿಗೆ ಕೂತಿಲ್ಲ." "ಬೆಟ್ಟಪ್ಪನಿಗೆ ಒಂದು ಸಲ ಹೇಳಿದ್ರೆ ಸಾಕು, ಮರೆಯೋ ಮಾತೇ ಇಲ್ಲ." ಹೇಳಿದ್ದೆಲ್ಲ ಅಕ್ಷರಶಃ ನಿಜ. ಅವಳು ಕೇಳಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದಳು.

"ನೋಡಿ ಕಲೀರಿ ಅವರನ್ನ. ಬಚ್ಚಲ ನಲ್ಲಿ ತೊಟ್ಟಿಕ್ತಾ ಇದೆ ಅಂತ ನಾನು ಎಷ್ಟು ಸಲ ಹೇಳಿದ್ದೀನಿ? ಬೆಟ್ಟಪ್ಪನವರಾಗಿದ್ರೆ ಹೇಳಿದ ತಕ್ಷಣ ಎದ್ದು ಸರಿ ಮಾಡ್ತಿದ್ರು."

"ಬೆಟ್ಟಪ್ಪ ಏಳೋ ಪೈಕಿ ಅಲ್ಲ ಬಿಡು. ಕೂರಿಸಿದಲ್ಲೇ ಇರ್ತಾನೆ."

"ಎದುರುತ್ತರ ಕೊಡಲ್ಲ ಅಲ್ವಾ?"

"ಬಾಯಿ ಇದ್ರೆ ತಾನೆ ಕೊಡೋದು?"

"ನೋಡಿದ್ರಾ! ಬಾಯಿಲ್ಲದ ಮನುಷ್ಯ. ಅಂಥವರು ಸಿಗೋಕೆ ಪುಣ್ಯ ಮಾಡಿರ್ಬೇಕು. ಅವರ ಹೆಂಡತಿ ಎಷ್ಟು ಸುಖವಾಗಿರ್ಬೇಕು!"

"ಅವನಿಗೆ ಹೆಂಡತಿ ಇಲ್ಲ ಕಣೇ. ಅದಕ್ಕೇ ಇಷ್ಟು ಚೆನ್ನಾಗಿ ಕೆಲಸ ಮಾಡ್ತಾನೆ."

ಇದಾದಮೇಲೆ ಅವಳು ಎರಡು ಹೊತ್ತು ನನ್ನ ಜೊತೆ ಮಾತಾಡಲಿಲ್ಲ. ಯಂತ್ರವೊಂದನ್ನು ಮುಂದಿಟ್ಟುಕೊಂಡು ಗಂಡನನ್ನು ಹಂಗಿಸುತ್ತಾಳಲ್ಲ, ಎಂಥ ಹೆಂಗಸು ಎಂದು ನಾನು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ. ಅದು ಯಂತ್ರ ಎಂದೇ ಅವಳಿಗೆ ತಿಳಿದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಮೊದಲನೇ ದಿನವೇ ಹೇಳಿದ್ದೆ ಎಂದು ನಾನು ಈಗಲೂ ವಾದಿಸುತ್ತೇನೆ. ಹೇಳಿಲ್ಲ ಎಂದು ಅವಳು. ಈ ಮೊಕದ್ದಮೆ ಇನ್ನೂ ನಡೆಯುತ್ತಿದೆ, ನ್ಯಾಯಾಧೀಶರೂ ಅವಳೇ.

ಹೀಗಿರುವಾಗ ನಮ್ಮ ಲ್ಯಾಬಿಗೆ ಒಂದು ಆಸ್ಪತ್ರೆಯ ಕೆಲಸ ಬಂತು. ರೋಗಿಯ ಹಾಸಿಗೆಯ ಪಕ್ಕ ಇಡುವ ಸಣ್ಣ ಟಚ್‌ಸ್ಕ್ರೀನು. ಅದರ ಮೇಲೆ ಗಂಟೆಯ ಚಿತ್ರ ಒತ್ತಿದರೆ ನರ್ಸಿಗೆ ಕರೆ ಹೋಗುತ್ತದೆ, ಬಾಣದ ಗುರುತು ಒತ್ತಿದರೆ ಮಂಚದ ತಲೆಯ ಕಡೆ, ಕಾಲಿನ ಕಡೆ ಮೇಲೇಳುತ್ತದೆ, ಕೆಂಪು ಗುಂಡಿ ಒತ್ತಿದರೆ ಎಲ್ಲ ನಿಲ್ಲುತ್ತದೆ. ಮಾದರಿಗೆಂದು ಒಂದು ಮಂಚವನ್ನೂ ಕಳಿಸಿದ್ದರು. ಅದನ್ನು ಬೆಟ್ಟಪ್ಪನ ಮೇಜಿನ ಪಕ್ಕದಲ್ಲೇ ಹಾಕಿ ವೈರು ಜೋಡಿಸಿದ್ದೆವು. ಸಾಹೇಬರು ನನ್ನನ್ನು ಕರೆದು ಬಾಗಿಲು ಮುಚ್ಚಿದರು.

"ನೋಡ್ರಿ, ಆಸ್ಪತ್ರೆಯ ದೊಡ್ಡ ಸಿಸ್ಟರು ಬಂದು ಕಣ್ಣಾರೆ ನೋಡಿ ಒಪ್ಪಿದ್ರೆ ಅವರ ಕೆಲಸ ಎಲ್ಲ ನಮಗೆ. ಒಪ್ಪದಿದ್ರೆ ಈ ಲ್ಯಾಬನ್ನ ಗೋದಾಮು ಮಾಡ್ತಾರಂತೆ. ನಾನು ಹೇಗೋ ಬೇರೆ ಕಡೆ ನುಸುಳ್ಕೋತೀನಿ. ನಿಮ್ಮ ಗತಿ ನೋಡ್ಕೊಳ್ಳಿ."

ನನ್ನ ಗತಿಯನ್ನು ನಾನು ನೋಡಿಕೊಂಡೆ. ಚೆನ್ನಾಗಿ ಕಾಣಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಕೆಲಸ ಹುಡುಕುವುದು, ಅದಕ್ಕೆ ಮುಂಚೆ ಈ ಸುದ್ದಿಯನ್ನು ಹೆಂಡತಿಗೆ ಹೇಳುವುದು, ಎರಡೂ ನನ್ನ ಕೈಲಾಗುವ ಕೆಲಸವಲ್ಲ. ಬೆಟ್ಟಪ್ಪನಿಗೆ ಬಿಡುವಿಲ್ಲದೆ ಗಂಟೆ ಒತ್ತುವ ಕೆಲಸ ಹಚ್ಚಿದೆ. ಪಾಸ್, ಪಾಸ್, ಪಾಸ್ ಎಂದು ಹಸಿರು ಅಕ್ಷರ ಉರುಳುವುದನ್ನು ನೋಡುತ್ತಾ ಕೂತರೆ ಜೀವಕ್ಕೆ ಎಷ್ಟೋ ಹಾಯೆನಿಸುತ್ತಿತ್ತು.

ಸಿಸ್ಟರು ಬರುವುದರ ಹಿಂದಿನ ದಿನ ಮಧ್ಯಾಹ್ನ ಅವನ ರಬ್ಬರಿನ ಬೆರಳು ಸವೆದು ಕಿತ್ತುಬಂತು. ಗಾಬರಿಯ ವಿಷಯವೇನಲ್ಲ, ಆಗಾಗ ಬರುತ್ತಲೇ ಇರುತ್ತದೆ. ಬೇರೆ ಹಾಕಿ, ಅಳತೆ ಹೊಂದಿಸಿ, ಮತ್ತೆ ಶುರು ಮಾಡುವಷ್ಟರಲ್ಲಿ ಹೊತ್ತಾಯಿತು. ಮನೆಗೆ ಬಂದು, ಕೈತೊಳೆದು, ತಟ್ಟೆಯ ಮುಂದೆ ಕೂತೆ. ನನ್ನ ಕಣ್ಣು ತಟ್ಟೆಯ ಮೇಲೆ, ಮನಸ್ಸು ನಾಳೆಯ ಮೇಲೆ. ಹೆಂಡತಿಯ ಮುಖ ನೋಡುವ ಕಾರ್ಯಕ್ರಮ ಇರಲಿಲ್ಲ. ಎಲ್ಲ ಅನಾಹುತಗಳೂ ಆಗುವುದು ಆ ಕಾರ್ಯಕ್ರಮ ತಪ್ಪಿದಾಗಲೇ.

"ಯಾಕ್ರೀ ಇಷ್ಟು ಲೇಟು?"

"ಬೆಟ್ಟಪ್ಪನ ಬೆರಳು ಕಿತ್ಕೊಂಡು ಬಂತು ಕಣೇ."

ಸೌಟು ಪಾತ್ರೆಯೊಳಗೆ ಬಿದ್ದ ಸದ್ದಾಯಿತು.

"ಅಯ್ಯೋ ದೇವರೇ! ಯಾವ ಬೆರಳು?"

"ಯಾವ ಬೆರಳು ಅಂದ್ರೆ? ಇರೋದೇ ಒಂದಲ್ವಾ."

"ಇರೋದೇ... ಒಂದಾ?"

"ಹೂಂ. ಮೊದಲಿಂದ್ಲೂ ಅಷ್ಟೇ."

"ಇಷ್ಟು ದಿನ ಅಷ್ಟೊಂದು ಕೆಲಸಾನೆಲ್ಲ ಅವರು ಒಂದೇ ಬೆರಳಲ್ಲಿ ಮಾಡ್ತಿದ್ರಾ?"

"ಮತ್ತೆ? ಹತ್ತು ಬೆರಳಿರೋರ ಕೈಲಿ ಆಗದೆ ಇದ್ದದ್ದನ್ನೆಲ್ಲ ಮಾಡ್ತಿದ್ದ."

ಅವಳು ಮೂಗು ಸೀಟಿಕೊಂಡಳು. ನೆಗಡಿ ಇರಬೇಕು ಎಂದುಕೊಂಡೆ.

"ಆಮೇಲೆ ಏನು ಮಾಡಿದ್ರಿ?"

"ಮಾಡೋದೇನು, ಹಳೇ ಬೆರಳನ್ನ ಕಸದ ಬುಟ್ಟಿಗೆ ಹಾಕ್ದೆ."

"ಕಸದ ಬುಟ್ಟಿಗೆ!"

"ಅದನ್ನ ಇಟ್ಕೊಂಡು ಏನು ಪೂಜೆ ಮಾಡೋಕಾಗುತ್ತಾ? ಒಂಚೂರು ಅನ್ನ ಹಾಕು."

ಅವಳು ಅನ್ನ ಹಾಕಲಿಲ್ಲ. "ಅವರು ಈಗ ಎಲ್ಲಿದ್ದಾರೆ?" ಎಂದಳು. ಧ್ವನಿ ಬಹಳ ಸಣ್ಣಗಿತ್ತು.

"ಎಲ್ಲಿರ್ತಾನೆ, ಲ್ಯಾಬಲ್ಲೇ. ಇನ್ನೊಂದು ಬೆರಳು ಸಿಕ್ಕಿಸಿ, ಕೆಲಸಕ್ಕೆ ಹಚ್ಚಿ, ದೀಪ ಆರಿಸಿ, ಬೀಗ ಹಾಕ್ಕೊಂಡು ಬಂದೆ."

ಇಷ್ಟು ಹೇಳಿ ನಾನೇ ಅನ್ನ ಬಡಿಸಿಕೊಂಡೆ. ತಲೆಯೆತ್ತಿ ನೋಡಿದರೆ ಅವಳಿರಲಿಲ್ಲ. ಕೋಣೆಯಲ್ಲಿ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. ನಮ್ಮ ಅತ್ತೆಯ ಮನೆ ಪಕ್ಕದ ಬೀದಿಯಲ್ಲೇ ಇದ್ದರೂ ತಾಯಿ ಮಗಳು ಇಬ್ಬರೂ ಫೋನಿನಲ್ಲೇ ಮಾತಾಡುವುದು ವಾಡಿಕೆ, ಏಕೆಂದರೆ ಮುಖಾಮುಖಿಯಾದರೆ ಮಾತು ಬೇಗ ಮುಗಿಯುತ್ತದಂತೆ.

ಮರುದಿನ ಬೆಳಗ್ಗೆ ಅವಳು ನನ್ನ ಮುಖ ನೋಡಲಿಲ್ಲ. ಕಣ್ಣು ಕೆಂಪಾಗಿತ್ತು. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ನಿಂತಳು.

"ಒಂದು ಮಾತು ಕೇಳ್ತೀನಿ. ನಿಮ್ಮ ಬೆರಳು ಹೋಗಿದ್ರೆ ನಾನು ಕಸದ ಬುಟ್ಟಿಗೆ ಹಾಕಿ, ಇನ್ನೊಂದು ಸಿಕ್ಕಿಸಿ, ಕೆಲಸಕ್ಕೆ ಹಚ್ತಿದ್ನಾ?"

"ನನ್ನ ಅಳತೇದು ಅಂಗಡೀಲಿ ಸಿಗಲ್ಲ ಕಣೇ" ಎಂದು ನಗುತ್ತಾ ಬಸ್ಸಿಗೆ ಓಡಿದೆ. ಈ ಮಾತನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಅಷ್ಟು ವರ್ಷ ಸಂಸಾರ ಮಾಡಿದ ಗಂಡ ಇಂಥ ಕಟುಕನೇ ಎಂದು ಪಾಪ ಅವಳು ಬಾಗಿಲಲ್ಲೇ ಕುಸಿದು ಕೂತಳಂತೆ.

ಲ್ಯಾಬಿನಲ್ಲಿ ಸಾಹೇಬರು ಇಸ್ತ್ರಿಯ ಅಂಗಿ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದರು. ಅವರಿಗೆ ದೊಡ್ಡ ಸಿಸ್ಟರ ಮುಖಪರಿಚಯ ಇರಲಿಲ್ಲ, ಫೋನಿನಲ್ಲಿ ಮಾತಾಡಿದ್ದಷ್ಟೆ. ನಾನು ಮೇಜಿನ ಕೆಳಗೆ ನುಗ್ಗಿ, ಕಾಲಿಗೆ ತೊಡರುತ್ತಿದ್ದ ವೈರುಗಳನ್ನು ಕಟ್ಟುತ್ತಿದ್ದೆ. ತಲೆಯ ಮೇಲೆ ಬೆಟ್ಟಪ್ಪ ಟಕ್, ಟಕ್ ಎಂದು ಒತ್ತುತ್ತಿದ್ದ, ಪ್ರತಿ ಸಲವೂ ಗಂಟೆ ಟಿಣ್ ಎನ್ನುತ್ತಿತ್ತು. ಬಾಗಿಲಾಚೆ ಹೆಜ್ಜೆ ಸದ್ದಾಯಿತು. ಸಾಹೇಬರು ಹೊರಗೆ ಓಡಿ ಬಾಗಿಲು ಎಳೆದುಕೊಂಡರು.

"ಬನ್ನಿ ಮೇಡಂ, ಬನ್ನಿ! ನಿಮಗೇ ಕಾಯ್ತಾ ಇದ್ವಿ. ಬೆಟ್ಟಪ್ಪನ್ನ ನೋಡೋಕೆ ತಾನೆ?" ಸಾಹೇಬರ ಧ್ವನಿಯಲ್ಲಿ ಬೆಣ್ಣೆ ಸುರಿಯುತ್ತಿತ್ತು.

"ಹೌದು, ಅವರನ್ನ ನೋಡೋಕೇ ಬಂದ್ವಿ. ಹೇಗಿದ್ದಾರೆ ಈಗ?"

ಈ ಧ್ವನಿಯನ್ನು ನಾನು ಬಲ್ಲೆ. ದಿನವೂ ಬೆಳಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದು ಇದೇ ಧ್ವನಿ. ಎದ್ದೆ, ಮೇಜು ತಲೆಗೆ ಬಡಿದು ಮತ್ತೆ ಕೂತೆ. ಕಣ್ಣ ಮುಂದೆ ಒಂದಿಷ್ಟು ನಕ್ಷತ್ರ ಕುಣಿಯುವಾಗ ಮಾತು ಮುಂದುವರಿಯಿತು.

"ಬೆಟ್ಟಪ್ಪನಾ? ಭರ್ಜರಿಯಾಗಿದ್ದಾನೆ. ನಿನ್ನೆ ಒಂದು ಬೆರಳು ಹೋಯ್ತು, ಅಷ್ಟೇ. ಹೊಸದು ಹಾಕಿದ್ವಿ. ಆಗಿಂದ ಕೆಲಸ ಮಾಡ್ತಾನೇ ಇದ್ದಾನೆ."

"ಆಗಿಂದ... ಅಂದ್ರೆ ರಾತ್ರಿಯೆಲ್ಲಾನಾ?"

"ಒಂದು ನಿಮಿಷ ಬಿಟ್ಟಿಲ್ಲ ಮೇಡಂ! ನಮ್ಮಲ್ಲಿ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು."

"ನೋವು ಗೀವು ಅಂದ್ರೆ?" ಇದು ನಮ್ಮ ಅತ್ತೆ.

ಸಾಹೇಬರು ದೊಡ್ಡದಾಗಿ ನಕ್ಕರು. ಆಸ್ಪತ್ರೆಯವರಲ್ಲವೇ, ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. "ನೋವಾದ್ರೆ ಎಣ್ಣೆ ಬಿಡ್ತೀವಿ!"

"ಮನೆಗೆ ಕಳ್ಸಲ್ವಾ?"

"ಬೋಲ್ಟು ಹಾಕಿದ್ದೀವಲ್ಲ, ಎಲ್ಲಿಗೆ ಹೋಗ್ತಾನೆ?"

ಆಮೇಲೆ ಅತ್ತೆಯ ಧ್ವನಿ ನಡುಗುತ್ತಾ ಬಂತು. "ಊಟಕ್ಕಾದ್ರೂ ಏನಾದ್ರೂ ಕೊಡ್ತೀರೋ ಇಲ್ವೋ?"

"ಕೊಡ್ತೀವಲ್ಲ, ಕರೆಂಟು!"

"ಕರೆಂಟ್ ಕೊಡ್ತೀರಾ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಬಾಗಿಲು ಧಡಾರನೆ ತೆರೆಯಿತು. ನನ್ನ ಹೆಂಡತಿ ರಣಚಂಡಿಯಂತೆ ಒಳಗೆ ನುಗ್ಗಿದಳು, ಹಿಂದೆ ಅತ್ತೆ ಎರಡೂ ಕೈಯಲ್ಲಿ ಒಂದು ಫ್ಲಾಸ್ಕ್ ತಬ್ಬಿಕೊಂಡು. ಬೆರಳು ಕಳೆದುಕೊಂಡ ಬಡಪಾಯಿಗೆಂದು ಬೆಳಗ್ಗೆ ಎದ್ದು ಮಾಡಿದ ಬಿಸಿ ಗಂಜಿ.

"ಎಲ್ಲಿದ್ದಾರೆ ಅವರು?" ಎಂದಳು ಹೆಂಡತಿ.

"ಇವನೇ ಮೇಡಂ" ಎಂದು ಸಾಹೇಬರು ಕೈ ತೋರಿಸಿದರು.

ಉಕ್ಕಿನ ತೋಳು ಟಕ್ ಎಂದು ಬಾಗಿತು, ಒತ್ತಿತು, ಎದ್ದಿತು. ಗಂಟೆ ಟಿಣ್ ಎಂದಿತು. ಅತ್ತೆ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಅಯ್ಯೋ ನನ್ನಪ್ಪ, ಇಡೀ ಕೈನೇ ಕಬ್ಬಿಣದ್ದು ಹಾಕಿಬಿಟ್ಟಿದ್ದಾರಲ್ಲೇ! ಮಿಕ್ಕ ಮನುಷ್ಯ ಎಲ್ಲಿ?"

ಇದೇ ಶುಭಮುಹೂರ್ತದಲ್ಲಿ ನಾನು ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿದೆ. ಅತ್ತೆ "ಬಂದ!" ಎಂದು ಚೀರಿ ಹಿಂದೆ ಹಾರಿ ಮಾದರಿಯ ಮಂಚದ ಮೇಲೆ ಕೂತರು.

"ಅತ್ತೆ, ನಾನು, ನಿಮ್ಮ ಅಳಿಯ!"

"ಬೆಟ್ಟಪ್ಪ ಎಲ್ಲಿ?" ಹೆಂಡತಿ ಹಲ್ಲು ಕಚ್ಚಿ ಕೇಳಿದಳು.

"ಇದೇ ಕಣೇ ಬೆಟ್ಟಪ್ಪ. ಯಂತ್ರ. ನಿನಗೆ ಗೊತ್ತಲ್ಲ."

ಅವಳು ಯಂತ್ರವನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಯಂತ್ರವನ್ನು ನೋಡಿದಳು. ಇಬ್ಬರನ್ನೂ ಹೋಲಿಸುತ್ತಿದ್ದಾಳೇನೋ ಎಂದು ನನಗೆ ಒಂದು ಕ್ಷಣ ಅಳುಕಾಯಿತು.

"ಮನುಷ್ಯ ಅಲ್ವಾ?"

"ಅಲ್ಲ."

"ಯಾರ ಬೆರಳೂ ಹೋಗಿಲ್ವಾ?"

"ರಬ್ಬರಿಂದು ಹೋಗಿದೆ. ಅಲ್ಲಿ ನೋಡು, ಕಸದ ಬುಟ್ಟೀಲಿ."

ಅವಳು ಕಸದ ಬುಟ್ಟಿಗೆ ಬಗ್ಗಿ ನೋಡಿ, ಕರಿಯ ರಬ್ಬರಿನ ತುಂಡನ್ನು ಎತ್ತಿ ಹಿಸುಕಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. "ಸದ್ಯ!" ಎಂದಳು. ಅವಳು ಅಷ್ಟು ದೊಡ್ಡ ಉಸಿರು ಬಿಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೂ ಒಂದು ಉಸಿರು ಬಿಡೋಣ ಎನಿಸಿತು. ಅಷ್ಟರಲ್ಲಿ ವ್ಯಾಕರಣದ ಟೀಚರಮ್ಮ ವಾಪಸ್ ಬಂದರು.

"ಹಾಗಾದ್ರೆ 'ಅದು' ಅನ್ನೋಕೆ ನಿಮಗೆ ಏನು ಧಾಡಿ? ಎರಡಕ್ಷರ! ಮೂರನೇ ಕ್ಲಾಸಿನ ಮಕ್ಕಳು ಹೇಳ್ತಾವೆ. ಅದು ನಪುಂಸಕಲಿಂಗ ಅಲ್ವಾ?"

"ಮೇಡಂ, ಅವನಿಗೆ ಹಾಗನ್ಬೇಡಿ" ಎಂದರು ಸಾಹೇಬರು ನೊಂದುಕೊಂಡು. ಇವರು ಆಸ್ಪತ್ರೆಯವರಲ್ಲ ಎಂದು ಅವರಿಗೆ ನಿಧಾನವಾಗಿ ಅರಿವಾಗುತ್ತಿತ್ತು.

ಮಂಚದ ಮೇಲೆ ಕೂತ ಅತ್ತೆಗೆ ಈ ಲಿಂಗವಿವೇಚನೆ ಬೇಕಿರಲಿಲ್ಲ. "ಯಂತ್ರಾನೋ ಮನುಷ್ಯನೋ, ಇಷ್ಟು ದೂರ ಹೊತ್ಕೊಂಡು ಬಂದಿದ್ದೀನಿ, ಯಾರಾದ್ರೂ ಕುಡೀರಿ" ಎಂದು ಫ್ಲಾಸ್ಕಿನ ಮುಚ್ಚಳ ತೆಗೆದು, ಕೈಗೆ ಸಿಕ್ಕ ಜಾಗದಲ್ಲಿ ಇಟ್ಟರು. ಅದು ಬೆಟ್ಟಪ್ಪನ ಮೊಣಕೈಯ ಪಕ್ಕ. ನಾನು "ಅತ್ತೇ..." ಎನ್ನುವಷ್ಟರಲ್ಲಿ ಬೆಟ್ಟಪ್ಪ ಮುಂದಿನ ಸಲ ಒತ್ತಲು ತೋಳು ಹಿಂದಕ್ಕೆಳೆದ. ಫ್ಲಾಸ್ಕು ಉರುಳಿತು. ಬಿಸಿ ಗಂಜಿ ಟಚ್‌ಸ್ಕ್ರೀನಿನ ಮೇಲೆ ತಣ್ಣಗೆ ಹರಡಿಕೊಂಡಿತು.

"ಪ್ರೀತಿಯಿಂದ ತಂದ ಗಂಜಿ ಒದೀತಾನಲ್ಲ!" ಎಂದರು ಅತ್ತೆ.

ಮುಂದಿನದನ್ನು ಹೇಗೆ ವರ್ಣಿಸಲಿ? ಮೊದಲು ಗಂಟೆ ಹೊಡೆದುಕೊಳ್ಳತೊಡಗಿತು. ಟಿಣ್ ಅಲ್ಲ, ಬಿಡುವೇ ಇಲ್ಲದೆ ಟಿಣಟಿಣಟಿಣಟಿಣ. ಆಮೇಲೆ ಮಂಚದ ತಲೆಯ ಕಡೆ ಮೇಲೇಳತೊಡಗಿತು. ಆಮೇಲೆ ಕಾಲಿನ ಕಡೆ. ನಡುವೆ ಇದ್ದ ಅತ್ತೆ ಎರಡೂ ಕಡೆಯಿಂದ ಮೇಲೇರುತ್ತಾ, ತಮ್ಮ ಮೊಣಕಾಲನ್ನು ತಾವೇ ಹತ್ತಿರದಿಂದ ನೋಡುವ ಸ್ಥಿತಿ ತಲುಪಿದರು. "ಅಳಿಯಂದ್ರೇ! ನನ್ನನ್ನ ಮಡಚ್ತಾ ಇದೆ!"

ನಾನು ಕೆಂಪು ಗುಂಡಿ ಒತ್ತಿದೆ. ಬೆರಳು ಗಂಜಿಯಲ್ಲಿ ಜಾರಿತು. ಹೆಬ್ಬೆರಳಿನಲ್ಲಿ ಒತ್ತಿದೆ. ಮಂಚ ಇನ್ನೊಂದಿಷ್ಟು ಮಡಚಿಕೊಂಡಿತು. ಸಾಹೇಬರು ತಮ್ಮ ಇಸ್ತ್ರಿಯ ಅಂಗಿಯ ತೋಳಿನಿಂದ ಒರೆಸಿ ಒತ್ತಿದರು. ಗಾಜಿಗೆ ಯಾರು ಮುಟ್ಟಿದರು, ಯಾವುದು ಮುಟ್ಟಿತು ಎಂಬ ಪರಿವೆಯೇ ಇರಲಿಲ್ಲ. ಈ ಗದ್ದಲದ ನಡುವೆ ಒಬ್ಬನೇ ಒಬ್ಬ ಸ್ಥಿತಪ್ರಜ್ಞನಿದ್ದ. ಬೆಟ್ಟಪ್ಪ. ಪಚ್, ಪಚ್ ಎಂದು ಗಂಜಿಯೊಳಗೇ ಒತ್ತುತ್ತಿದ್ದ. ಪಕ್ಕದ ಕಂಪ್ಯೂಟರಿನ ಮೇಲೆ ಹಸಿರು ಅಕ್ಷರಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಪಾಸ್. ಪಾಸ್. ಪಾಸ್.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಬಿಳಿ ಬಟ್ಟೆ, ಎದೆಯ ಮೇಲೆ ಗಡಿಯಾರ. ದೊಡ್ಡ ಸಿಸ್ಟರು.

ಮುಗಿಯಿತು ಎಂದುಕೊಂಡೆ. ಲ್ಯಾಬು ಗೋದಾಮಾಯಿತು, ನಾನು ಬೀದಿಪಾಲಾದೆ, ಅತ್ತೆ ಮಡಚಿಹೋದರು. ಕಣ್ಣು ಮುಚ್ಚಿ ಕೈಗೆ ಸಿಕ್ಕ ವೈರುಗಳನ್ನೆಲ್ಲ ಹಿಡಿದು ಎಳೆದೆ. ಗಂಟೆ ನಿಂತಿತು. ಮಂಚ ನಿಂತಿತು. ಬೆಟ್ಟಪ್ಪ ತಲೆ ತಗ್ಗಿಸಿದ. (ತಲೆ ಇದ್ದಿದ್ದರೆ.) ನಾನು, ಸಾಹೇಬರು, ನನ್ನ ಹೆಂಡತಿ ಸೇರಿ ಅತ್ತೆಯನ್ನು ಮಂಚದ ಸಂದಿಯಿಂದ ಎಳೆದು ತೆಗೆದೆವು. ಅವರಿಗೆ ಒಂದು ಗೀರೂ ಆಗಿರಲಿಲ್ಲ. "ಸೊಂಟ ಹಿಡ್ಕೊಂಡಿದ್ದು ಬಿಟ್ಹಂಗಾಯ್ತು" ಎಂದು ಅವರೇ ಹೇಳಿದಾಗ ನನಗೆ ಹೋದ ಜೀವ ಬಂತು.

ಸಿಸ್ಟರು ನೇರವಾಗಿ ಟಚ್‌ಸ್ಕ್ರೀನಿನ ಹತ್ತಿರ ಹೋದರು. ಗಂಜಿಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದರು.

"ಇದೇನು?"

ಸಾಹೇಬರು ಯಾಕೆ ಸಾಹೇಬರಾಗಿದ್ದಾರೆ ಎಂದು ನನಗೆ ಆವತ್ತು ಅರ್ಥವಾಯಿತು. ಒದ್ದೆ ತೋಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ರೆಪ್ಪೆ ಬಡಿಯದೆ ಹೇಳಿದರು. "ಇದು ನಮ್ಮ ಗಂಜಿ ಪರೀಕ್ಷೆ ಮೇಡಂ."

ನನ್ನ ಹೆಂಡತಿ ಕೆಮ್ಮಿದಳು. ಸಾಹೇಬರು ಬಿಡಲಿಲ್ಲ. "ಯಂತ್ರದ ಪರೀಕ್ಷೆ ಒಂದು ಕಡೆ ಇರುತ್ತೆ, ಕೊನೇಲಿ ಇದನ್ನೂ ಮಾಡ್ತೀವಿ. ಇವರು ನಮ್ಮ ಹಿರಿಯ ಪರೀಕ್ಷಕರು" ಎಂದು ಅತ್ತೆಯ ಕಡೆ ಕೈ ತೋರಿಸಿದರು. ಅತ್ತೆ ಕೂದಲು ಸರಿಮಾಡಿಕೊಂಡು ಗಂಭೀರವಾಗಿ ತಲೆಯಾಡಿಸಿದರು.

ಸಿಸ್ಟರು ಕುರ್ಚಿ ಎಳೆದುಕೊಂಡು ಕೂತರು. "ನಮ್ಮ ವಾರ್ಡಲ್ಲಿ ಗಂಜಿ ಚೆಲ್ಲದ ದಿನಾನೇ ಇಲ್ಲ. ಇದು ಹೀಗೇ ಬಂದು ಅಲ್ಲಿ ಕೂತಿದ್ರೆ, ಆಪರೇಷನ್ ಆದವರು ಯಾರಾದ್ರೂ ಆ ಮಂಚದ ಮೇಲೆ ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿ, ನನ್ನ ಹೆಂಡತಿ ಬಿಟ್ಟಂಥದೇ ಒಂದು ಉಸಿರು ಬಿಟ್ಟರು. "ಸದ್ಯ, ಇಲ್ಲೇ ಸಿಕ್ತು. ಎಷ್ಟು ಕಡೆ ತೋರಿಸಿದ್ವಿ, ಎಲ್ಲರೂ ಪಾಸ್ ಅಂತ ಕೊಟ್ರು. ಸರಿ ಮಾಡೋಕೆ ವಾಪಸ್ ಕಳಿಸ್ತೀನಿ. ಮತ್ತೆ ಬಂದಾಗ್ಲೂ ನೀವೇ ನೋಡಿ. ಉಳಿದ ಕೆಲಸಾನೂ ನಿಮ್ಮ ಹತ್ರಾನೇ ಬರ್ಲಿ."

ಅವರು ಹೋದಮೇಲೆ ಸಾಹೇಬರು ನೆಲದ ಮೇಲೇ ಕೂತುಬಿಟ್ಟರು. ನಾನು ಕಂಪ್ಯೂಟರನ್ನು ನೋಡುತ್ತಾ ನಿಂತೆ. ಆ ಪರೀಕ್ಷೆ ಬರೆದವನು ನಾನು. ಒತ್ತಿದಾಗ ಗಂಟೆ ಹೊಡೆಯುತ್ತದೆಯೇ ಎಂದು ಕೇಳಿದ್ದೆ. ಒತ್ತದೆ ಇದ್ದಾಗ ಸುಮ್ಮನಿರುತ್ತದೆಯೇ ಎಂದು ಕೇಳಿರಲೇ ಇಲ್ಲ. ಬೆಟ್ಟಪ್ಪ ಒತ್ತಿದಾಗಲೆಲ್ಲ ಗಂಟೆ ಹೊಡೆಯುತ್ತಿತ್ತು, ಹಾಗಾಗಿ ಪಾಸ್. ಅವನು ಒತ್ತದಿದ್ದಾಗಲೂ ಹೊಡೆಯುತ್ತಿತ್ತು ಎಂಬುದು ಅವನ ತಲೆನೋವಲ್ಲ.

ಸಂಜೆ ಅತ್ತೆಯನ್ನು ಮನೆಗೆ ಬಿಟ್ಟು ನಾನೂ ಹೆಂಡತಿಯೂ ನಡೆದುಕೊಂಡು ಬಂದೆವು. ಬೀದಿದೀಪಗಳು ಆಗಷ್ಟೇ ಹತ್ತಿದ್ದವು. ತರಕಾರಿ ಅಂಗಡಿಯ ಮುಂದೆ ಅವಳು ನಿಂತಳು.

"ಒಬ್ಬ ಮನುಷ್ಯನ ಬೆರಳು ಹೋದ್ರೆ ಅನ್ನ ಹಾಕು ಅಂದ್ರಲ್ಲ, ಅದು ಗಂಟಲಲ್ಲೇ ಸಿಕ್ಕೊಂಡಿತ್ತು ರೀ. ನನ್ನ ಗಂಡ ಹೀಗಾ, ಇಷ್ಟು ದಿನ ಇಂಥವರ ಜೊತೆ ಇದ್ನಾ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?"

"ಈಗ?"

"ಈಗ ಪರವಾಗಿಲ್ಲ. ನೀವು ಕಟುಕ ಅಲ್ಲ, ಬರೀ ಮಾತಾಡೋಕೆ ಬರಲ್ಲ, ಅಷ್ಟೇ" ಎಂದು ಕಣ್ಣೊರೆಸಿಕೊಂಡು ನಕ್ಕಳು. ಕೆಲಸ ಉಳಿದದ್ದಕ್ಕಿಂತ ಆ ನಗು ಕಂಡು ನನಗೆ ಹೆಚ್ಚು ಹಗುರವಾಯಿತು. ಕೈಚೀಲವನ್ನು ಕೇಳದೆಯೇ ನಾನು ಹಿಡಿದುಕೊಂಡೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಿಸ್ಟರ ಎದುರು ಆಡಿದ ಮಾತನ್ನು ಸಾಹೇಬರು ಉಳಿಸಿಕೊಳ್ಳಬೇಕಲ್ಲ. ಹೊಸ ಪ್ಯಾನೆಲು ಬಂದಾಗಲೆಲ್ಲ ಗಂಜಿ ಪರೀಕ್ಷೆ ಆಗಲೇಬೇಕು, ಅದೂ ಪ್ರತಿ ಸಲ ಅದೇ ಕೈಯ ಗಂಜಿ, ಅದೇ ಹದ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ ಎಂದು ಅಪ್ಪಣೆಯಾಯಿತು. ಈಗ ಅತ್ತೆ ಮಾಡುತ್ತಾರೆ, ಹೆಂಡತಿ ಫ್ಲಾಸ್ಕಿಗೆ ತುಂಬುತ್ತಾಳೆ, ನಾನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ಬಿಸಿಬಿಸಿಯದು ಬೆಟ್ಟಪ್ಪನಿಗೆ. ತಳ ಹಿಡಿದದ್ದು ನನಗೆ.

ಮೊನ್ನೆ ರಜೆಯ ದಿನ ಊಟ ಮಾಡಿ ಸೋಫಾದ ಮೇಲೆ ಉರುಳಿದ್ದೆ. ಇನ್ನೇನು ಕಣ್ಣು ಹತ್ತಬೇಕು, ಕಿಟಕಿಯ ಬಳಿ ಹೆಂಡತಿ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಹೂಂ ಅಮ್ಮ, ಚೆನ್ನಾಗಿದ್ದಾರಂತೆ. ಹೊಸ ಬೆರಳು ಅವರಿಗೆ ಚೆನ್ನಾಗಿ ಹೊಂದ್ಕೊಂಡಿದೆಯಂತೆ. ಪಾಪ, ಇವತ್ತು ರಜಾ ದಿನಾನೂ ಕೆಲಸ ಮಾಡ್ತಿದ್ದಾರೆ. ಯಂತ್ರ ಆದ್ರೇನಮ್ಮ, ಮರ್ಯಾದೆ ಕೊಡೋ ಹಾಗೆ ಇದ್ದಾರಲ್ಲ."

ಪಕ್ಕದ ಬೀದಿಯಿಂದ ಅತ್ತೆ ಏನೋ ಕೇಳಿರಬೇಕು. ಹೆಂಡತಿ ತಿರುಗಿ ನನ್ನ ಕಡೆ ನೋಡಿದಳು.

"ಇದಾ? ಇದು ಇಲ್ಲೇ ಸೋಫಾ ಮೇಲೆ ಬಿದ್ಕೊಂಡಿದೆ. ನಲ್ಲಿ ಸರಿ ಮಾಡು ಅಂತ ಹೇಳಿ ಹೇಳಿ ಸಾಕಾಯ್ತು. ಎಷ್ಟು ಒತ್ತಿದ್ರೂ ಕೆಲಸ ಮಾಡಲ್ಲ."

ಬಾಯಿ ತಪ್ಪಿ ಅಂದಿರಬೇಕು, ತಿದ್ದಿಕೊಳ್ಳುತ್ತಾಳೆ ಎಂದು ಸ್ವಲ್ಪ ಹೊತ್ತು ಕಾದೆ. ತಿದ್ದಿಕೊಳ್ಳಲಿಲ್ಲ. ವ್ಯಾಕರಣದ ಟೀಚರು, ಸರ್ವನಾಮದಲ್ಲಿ ತಪ್ಪು ಮಾಡುವವಳಲ್ಲ. ಎದ್ದು ಸ್ಪ್ಯಾನರ್ ಹುಡುಕಿಕೊಂಡು ಬಚ್ಚಲಿಗೆ ಹೋದೆ.